ಮುಖಾಮುಖಿಯ ಮಾತು, ಪತ್ರದ ಸಾನ್ನಿಧ್ಯ: ಶೆರಿ ಟರ್ಕಲ್ ಅವರ ವಿಚಾರಗಳ ವಿಮರ್ಶೆ

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯನ್ನು 1976ರಲ್ಲಿ ಸೇರಿ ಅಲ್ಲಿಯೇ ಬೋಧಿಸುತ್ತ ಬಂದ ಶೆರಿ ಟರ್ಕಲ್ ಅವರು ದೇವಶಾಸ್ತ್ರಜ್ಞರಲ್ಲ. ಸಮಾಜಶಾಸ್ತ್ರ ಮತ್ತು ಮನೋವಿಜ್ಞಾನ ಅವರ ಕ್ಷೇತ್ರಗಳು. ಆದರೂ ಸಭಾಪಾಲನೆಯ ಹೊಣೆ ಹೊತ್ತವರು ಅವರ ಕೃತಿಗಳನ್ನು ಓದತಕ್ಕದ್ದೆಂದು ನಾವು ಭಾವಿಸುತ್ತೇವೆ. ಗಣಕಯಂತ್ರದೊಡನೆ ಬಾಳುವ ಮನುಷ್ಯನ ಅಂತರಂಗಕ್ಕೆ ಏನಾಗುತ್ತದೆಂಬ ಪ್ರಶ್ನೆಯನ್ನು ಅವರು ದಶಕಗಳ ಕಾಲ ಕೈಬಿಡದೆ ಹಿಡಿದಿದ್ದಾರೆ.

ಈ ವಿದ್ವತ್ಪಯಣದ ಮಹತ್ವವಿರುವುದು ಅದರ ತಿರುವಿನಲ್ಲಿ. 1984ರ ‘ದ ಸೆಕೆಂಡ್ ಸೆಲ್ಫ್’ ಕೃತಿಯು ಗಣಕಯಂತ್ರವನ್ನು ಮನುಷ್ಯನ ಆತ್ಮಚಿಂತನೆಗೆ ನೆರವಾಗುವ ಕನ್ನಡಿಯಂತೆ ಕಂಡಿತು. 1995ರ ‘ಲೈಫ್ ಆನ್ ದ ಸ್ಕ್ರೀನ್’ ಕೃತಿಯು ಜಾಲಲೋಕದಲ್ಲಿ ಹಲವು ವೇಷಗಳನ್ನು ತೊಟ್ಟು ನೋಡುವ ಸ್ವಾತಂತ್ರ್ಯವನ್ನು ಬಹುಮಟ್ಟಿಗೆ ಭರವಸೆಯಿಂದಲೇ ಸ್ವಾಗತಿಸಿತು. 2011ರ ‘ಅಲೋನ್ ಟುಗೆದರ್’ನಲ್ಲಿ ಧ್ವನಿ ಬದಲಾಯಿತು. ವೃದ್ಧಾಶ್ರಮಗಳಲ್ಲಿ ಸೀಲ್ ಮರಿಯ ರೂಪದ ‘ಪಾರೊ’ ಯಂತ್ರಕ್ಕೆ ವೃದ್ಧರು ತಮ್ಮ ದುಃಖ ತೋಡಿಕೊಳ್ಳುವುದನ್ನು ಕಂಡ ಲೇಖಕಿಯು, ಸಾವನ್ನಾಗಲಿ ಅಗಲಿಕೆಯನ್ನಾಗಲಿ ಅರಿಯದ ವಸ್ತುವಿನ ಸಾಂತ್ವನವು ಎಂಥದೆಂದು ಕೇಳಿದರು. 2015ರ ‘ರಿಕ್ಲೇಮಿಂಗ್ ಕಾನ್ವರ್ಸೇಷನ್’ ಮುಖಾಮುಖಿ ಸಂಭಾಷಣೆಯ ಪರವಾಗಿ ವಾದಿಸಿತು. ತಮ್ಮ ಹಿಂದಿನ ಭರವಸೆಯನ್ನು ತಾವೇ ಹೀಗೆ ಒರೆಗೆ ಹಚ್ಚುವುದು ಜನರ ಮಾತನ್ನು ಕಿವಿಗೊಟ್ಟು ಕೇಳುವ ವಿದ್ವಾಂಸರಿಗೆ ಮಾತ್ರ ಸಾಧ್ಯ.

ಆದರೆ ಅವರ ಅಳತೆಗೋಲನ್ನು ನಾವು ಇದ್ದಂತೆಯೇ ಒಪ್ಪಲಾರೆವು. ಮುಖಾಮುಖಿ ಮಾತೇ ಪೂರ್ಣವೆಂಬ ವಾದಕ್ಕೆ ಯೋಹಾನನ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಬೆಂಬಲವುಂಟು: ಕಾಗದ ಮಸಿಗಳನ್ನು ಬಿಟ್ಟು ಎದುರೆದುರಾಗಿ ಮಾತಾಡಬೇಕೆಂಬುದು ಆ ಹಿರಿಯನ ಬಯಕೆ. ಆದರೆ ಆ ಬಯಕೆಯನ್ನು ಸಭೆಗೆ ಮುಟ್ಟಿಸಿದ್ದು ಕಾಗದ ಮಸಿಗಳೇ. ಪೌಲನೂ ದೇಹದಿಂದ ದೂರವಿದ್ದು ಆತ್ಮದಿಂದ ಕೊಲೊಸ್ಸೆಯವರೊಂದಿಗೆ ಇದ್ದೇನೆಂದು ಬರೆದನು. ಆದಿಸಭೆ ಪತ್ರಗಳಿಂದಲೂ ಬೆಳೆಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ಪರದೆಯ ಮೂಲಕ ಆರಾಧಿಸಿದವರಿಗೂ, ಹಾಸಿಗೆ ಹಿಡಿದು ಇಂದಿಗೂ ಹಾಗೆಯೇ ಆರಾಧಿಸುವವರಿಗೂ ಆ ಅನ್ಯೋನ್ಯತೆ ಬರಿಯ ನೆರಳೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದ ನಾವು ಕೇಳತಕ್ಕ ಪ್ರಶ್ನೆ ಬೇರೆ: ಈ ಮಾಧ್ಯಮವು ಭೇಟಿಯ ಹಂಬಲವನ್ನು ಉಳಿಸುತ್ತದೆಯೋ, ಇಲ್ಲವೆ ಭೇಟಿಯ ಸ್ಥಾನವನ್ನೇ ಕಸಿದುಕೊಳ್ಳುತ್ತದೆಯೋ? ಹಿರಿಯನ ಪತ್ರವು ಹಂಬಲವನ್ನು ಉಳಿಸಿತು; ವೃದ್ಧಾಶ್ರಮದ ಪಾರೊ ಭೇಟಿಯ ಸ್ಥಾನದಲ್ಲಿ ಕುಳಿತಿತು.

ಎರಡನೆಯದಾಗಿ, ಸಂಭಾಷಣೆಯಿಂದ ಸಹಾನುಭೂತಿಯ ಸಾಮರ್ಥ್ಯ ಬೆಳೆಯುತ್ತದೆಂಬುದು ಟರ್ಕಲ್ ಅವರ ಮುಖ್ಯ ಸಮರ್ಥನೆ. ಇದು ನಿಜವೇ, ಆದರೆ ಸಾಲದು. ನರಾವತಾರವನ್ನು ನಂಬುವವರಿಗೆ ಬಳಿಯಲ್ಲಿರುವುದು ಸಾಮರ್ಥ್ಯ ಬೆಳೆಸುವ ಸಾಧನವಾಗಿ ಮುಗಿಯುವುದಿಲ್ಲ. ದೇವರು ನಮ್ಮ ನಡುವೆ ವಾಸಿಸಿದ್ದು ಪ್ರೀತಿಯಿಂದ, ಅದರ ಬೆಲೆಯನ್ನು ತೆತ್ತು. ಮಾತೇ ನಿಂತುಹೋದ, ಸಂಭಾಷಣೆಯಿಂದ ಯಾವ ಬೆಳವಣಿಗೆಯೂ ಕಾಣದ ರೋಗಿಯ ಬಳಿ ಕುಳಿತುಕೊಳ್ಳಲು ಈ ಆಧಾರವೇ ಬೇಕು.

ಧ್ವನಿಮುದ್ರಿತ ಪ್ರಾರ್ಥನೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ರೋಗಿಯ ದರ್ಶನ ಮುಗಿಯಿತೆಂದು ಎಣಿಸುವ ಅನುಕೂಲ ಇಂದು ಪ್ರತಿಯೊಬ್ಬ ಸಭಾಪಾಲಕನ ಕೈಯಲ್ಲಿದೆ. ಟರ್ಕಲ್ ಅವರ ಎಚ್ಚರಿಕೆಯ ಬೆಲೆ ಇಲ್ಲಿ ತಿಳಿಯುತ್ತದೆ. ಪ್ರಾರ್ಥನೆಯನ್ನು ಅಗತ್ಯವಾಗಿ ಕಳುಹಿಸಲಿ; ಅದರೊಂದಿಗೆ ತಾನು ಬರುವ ದಿನವನ್ನೂ ತಿಳಿಸಲಿ, ಆ ದಿನ ಹೋಗಲಿ.