ಮಾರಿ ತುಂಬಿದ ಮೇಲೆ

ಮೂಡಲಗಿ ಕಡೆಯ ನಮ್ಮ ಚಿಗವ್ವ ಮೂರು ತಿಂಗಳಲ್ಲಿ ದುಂಡಗಾದಳು. ಬಂದವರೆಲ್ಲ, "ಈಗ ಚಲೋ ಆದಿ ಬಿಡವ್ವ, ಮಾರಿ ಹೆಂಗ ತುಂಬೇತಿ ನೋಡ" ಎಂದರು. ತುಂಬಿದ್ದು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಗುಳಿಗೆಯಿಂದ. ಸಕ್ಕರೆ ಏರಿದ್ದು ತಿಳಿದದ್ದು ಕಾಲಿನ ಗಾಯ ಮಾಯದೇ ಉಳಿದಾಗ.

ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿ ಮಿರಜಿಗೆ ಹೋಗಿ ತೋರಿಸಿಕೊಂಡು ಬರುವುದು ಗೋಕಾಕ, ಹುಕ್ಕೇರಿ, ಮೂಡಲಗಿಯವರ ಹಳೆಯ ರೂಢಿ, ಇಲ್ಲವಾದರೆ ಬೆಳಗಾವಿ. ಅಲ್ಲಿ ಬರೆದುಕೊಟ್ಟ ಚೀಟಿ ರೇಶನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಹದಿನೈದು ದಿನಕ್ಕೆಂದು ಬರೆದದ್ದು ವರ್ಷವಿಡೀ ನಡೆಯುತ್ತದೆ. ಔಷಧದ ಅಂಗಡಿಯಲ್ಲಿ "ಅದ ಗುಳಿಗಿ ಕೊಡ್ರಿ" ಎಂದರೆ ಸಾಕು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧವಿದು, ಆದರೆ ಅಗ್ಗ, ಮತ್ತು ಎರಡೇ ದಿನದಲ್ಲಿ ನೋವು ಇಳಿಸುತ್ತದೆ.

ನನ್ನ ತಕರಾರು ಔಷಧದ ಮೇಲಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ವೈದ್ಯ ಫಿಲಿಪ್ ಹೆಂಚ್ ಕೊಟ್ಟ, ಇದೇ ಜಾತಿಯ ಕಾರ್ಟಿಸೋನ್‌ನಿಂದ ಸಂಧಿವಾತದಲ್ಲಿ ನರಳುತ್ತಿದ್ದ ಹೆಂಗಸೊಬ್ಬಳು ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. 1950ರಲ್ಲಿ ಅವರಿಗೂ ಈ ಔಷಧದ ಶೋಧದಲ್ಲಿ ದುಡಿದ ಕೆಂಡಾಲ್, ರೈಕ್‌ಸ್ಟೈನರಿಗೂ ನೊಬೆಲ್ ಬಂತು. ಮೈಯ ಕಾವಲು ಪಡೆಯೇ ಮೈಮೇಲೆ ತಿರುಗಿಬೀಳುವ ಲೂಪಸ್‌ನಂಥ ರೋಗದಲ್ಲಿ ಇಂದಿಗೂ ಕಿಡ್ನಿ ಉಳಿಸುವುದು ಇದೇ ಸ್ಟಿರಾಯ್ಡ್.

ನಮ್ಮ ಬಳಕೆಯ ದೊಡ್ಡ ದೋಷ ಬೇರೆಡೆ ಇದೆ. ಸಂಧಿವಾತಕ್ಕೆ ವೈದ್ಯರು ಸಾಮಾನ್ಯವಾಗಿ ಮೆಥೊಟ್ರೆಕ್ಸೇಟನ್ನೂ ಬರೆಯುತ್ತಾರೆ. ವಾರಕ್ಕೊಮ್ಮೆ ಮಾತ್ರ ನುಂಗುವ ಅದು ಕೆಲಸ ಶುರು ಮಾಡಲು ವಾರಗಟ್ಟಲೆ ಬೇಕು; ಅಲ್ಲಿಯತನಕ ನೋವು ತಡೆಯಲು ಸ್ಟಿರಾಯ್ಡ್. ರೋಗಿಗೆ ಕಾಣುವುದು ತಲೆಕೆಳಗು: ತಟ್ಟನೆ ಗುಣ ಕೊಟ್ಟದ್ದು ಒಳ್ಳೆಯ ಗುಳಿಗೆ, ವಾರ ಕಳೆದರೂ ಸುಮ್ಮನಿರುವುದು ದಂಡ. ಹೀಗೆ ರೋಗಕ್ಕೆ ಮೂಗುದಾರ ಹಾಕುವ ಔಷಧ ಕಸಕ್ಕೆ, ತಾತ್ಕಾಲಿಕವಾದದ್ದು ಕಾಯಂ. ಇದನ್ನು ಬಿಡಿಸಿ ಹೇಳಲು ಯಾವ ಓಪಿಡಿಯಲ್ಲಿಯೂ ಐದು ನಿಮಿಷ ಸಿಗುವುದಿಲ್ಲ.

ಇನ್ನೊಂದು ಕಡೆ ಅತಿ ಹೆದರಿಕೆ. "ಸ್ಟಿರಾಯ್ಡ್ ಐತಂತ, ಬಿಟ್ಟಬಿಡ" ಎನ್ನುವ ಓಣಿಯ ಸಲಹೆ ಅಂಗಡಿಯವನ ಧಾರಾಳಕ್ಕಿಂತ ಅಪಾಯದ್ದು. ಕಾಲುವೆ ನೀರು ಬಂದ ಮೇಲೆ ಹೊಲದ ಬಾವಿಯನ್ನು ಯಾರು ನೋಡುತ್ತಾರೆ? ಹೂಳು ತುಂಬುತ್ತದೆ. ಕಾಲುವೆ ಒಮ್ಮೆಲೆ ಬಂದಾದರೆ ಬಾವಿ ಮರುದಿನವೇ ನೀರು ಕೊಡುವುದಿಲ್ಲ. ಮೈಯಲ್ಲೂ ಹಾಗೆಯೇ: ಕಿಡ್ನಿಯ ಮೇಲಿನ ಗ್ರಂಥಿ ದಿನಕ್ಕೆ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮನಾದಷ್ಟು ಹಾರ್ಮೋನನ್ನು ತಾನೇ ತಯಾರಿಸುತ್ತದೆ. ಮೂರ‍್ನಾಲ್ಕು ವಾರ ಹೊರಗಿನಿಂದ ಬಂದರೆ ಅದು ಕೆಲಸ ಬಿಟ್ಟು ಕೂರಬಹುದು. ಆಗ ಗುಳಿಗೆಯನ್ನು ದಿಢೀರ್ ಬಿಟ್ಟರೆ ವಾಂತಿ, ಬಿಪಿ ಕುಸಿತ, ಕೆಲವೊಮ್ಮೆ ಸಾವು. ವೈದ್ಯರ ಲೆಕ್ಕದಂತೆ ಹಂತಹಂತವಾಗಿಯೇ ಇಳಿಸಬೇಕು. ಜ್ವರ ಬಂದಾಗಲೂ ನಿಲ್ಲಿಸುವಂತಿಲ್ಲ. ಆಗ ಪ್ರಮಾಣ ಏರಿಸಬೇಕಾಗಬಹುದು. ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಸೂಜಿ ಬೇಕಾಗುತ್ತದೆ.

ಉಳಿದದ್ದು ಮನೆಯಲ್ಲೇ ಆಗುವಂಥದ್ದು: ಮುಂಜಾನೆ ಉಂಡ ಮೇಲೆ ನುಂಗುವುದು, ಸಕ್ಕರೆ, ಬಿಪಿ, ಕಣ್ಣು ನೋಡಿಸುವುದು, ಎಲುಬಿಗೆ ಕ್ಯಾಲ್ಸಿಯಂ ಕೇಳುವುದು. ಕಬ್ಬು ಕಡಿಯುವವರು ದಿನವೂ ನುಂಗುವ ನೋವಿನ ಗುಳಿಗೆ ಇದರ ಜೊತೆ ಸೇರಿದರೆ ಜಠರದಲ್ಲಿ ಹುಣ್ಣಾದೀತು. ಬರಿಗಾಲಲ್ಲಿ ಹಸಿ ಮಣ್ಣು ತುಳಿಯುವವರ ಕರುಳಿನಲ್ಲಿ ಸದ್ದಿಲ್ಲದೆ ಇರುವ ಎಳೆಹುಳು ಸ್ಟಿರಾಯ್ಡ್ ಬಿದ್ದಾಗ ಮೈತುಂಬ ಹರಡಬಹುದು, ಹಳೆಯ ಕ್ಷಯ ಮತ್ತೆ ಎದ್ದೀತು. ಸಂತೆಯ ನಾಟಿ ಪುಡಿಯ ಮಾತಂತೂ ಬೇಡ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತದ್ದು ದೇಶದಲ್ಲಿ ಎಷ್ಟೋ ಸಲ ಪತ್ತೆಯಾಗಿದೆ.

ಚೀಟಿಯ ಇಂಗ್ಲಿಷ್ ಗೀಚು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಬೆಳಗಾವಿಯ ವೈದ್ಯರೊಬ್ಬರು ಹೇಳಿದ್ದನ್ನು ಚಿಗವ್ವನ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಬರೆದಿಟ್ಟಳು. ಅಮಾವಾಸ್ಯೆಯ ತನಕ ಎರಡು, ಹುಣ್ಣಿಮೆಯ ತನಕ ಒಂದೂವರೆ. ಚಿಗವ್ವನಿಗೆ ಓದಲು ಬರುವುದಿಲ್ಲ, ಅಮಾವಾಸ್ಯೆ ಎಂದೂ ತಪ್ಪುವುದಿಲ್ಲ.