ಪರಮಾಣು ನಿರ್ಬಂಧಗಳ ಇತಿಹಾಸವೂ ಕೈಗಾ ಸ್ಥಾವರವೂ: ಎರಡು ಗ್ರಂಥಗಳನ್ನು ಕುರಿತು ಒಂದು ವಿಮರ್ಶೆ

1998ರ ಮೇ 11 ಮತ್ತು 13ರಂದು ಭಾರತವು ಪೋಖರಣ್‌ನಲ್ಲಿ ನಡೆಸಿದ ಅಣ್ವಸ್ತ್ರ ಪರೀಕ್ಷೆಗಳೂ, ಅವುಗಳ ಬೆನ್ನಿಗೇ ಅಮೆರಿಕಾ ಸಂಯುಕ್ತ ಸಂಸ್ಥಾನವು ಹೇರಿದ ನಿರ್ಬಂಧಗಳೂ, ಅವನ್ನು ಸಡಿಲಿಸಿಕೊಳ್ಳಲು ಎರಡು ವರ್ಷಕ್ಕೂ ಮಿಕ್ಕಿ ನಡೆದ ಸಂಧಾನವೂ ಈಗ ಇತಿಹಾಸದ ಪಾಠಕ್ಕೆ ಸೇರಿವೆ. ಈ ಸಂಧಾನದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅದನ್ನು ನಡೆಸಿದವರೇ ಎಂಬುದು ಗಮನಿಸತಕ್ಕ ಸಂಗತಿ. ಅಮೆರಿಕಾದ ಅಂದಿನ ಉಪವಿದೇಶಾಂಗ ಸಚಿವ ಶ್ರೀ ಸ್ಟ್ರೋಬ್ ಟಾಲ್ಬಟ್‌ರವರು 2004ರಲ್ಲಿ ‘ಎಂಗೇಜಿಂಗ್ ಇಂಡಿಯಾ’ ಎಂಬ ಗ್ರಂಥವನ್ನೂ, ನಮ್ಮ ಕಡೆಯಿಂದ ಮಾತನಾಡಿದ ಶ್ರೀ ಜಸ್ವಂತ್ ಸಿಂಗ್‌ರವರು 2006ರಲ್ಲಿ ‘ಎ ಕಾಲ್ ಟು ಆನರ್’ ಎಂಬ ಆತ್ಮಕಥನವನ್ನೂ ಪ್ರಕಟಿಸಿದರು. ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಈ ವಿಷಯಕ್ಕೆ ಇವೆರಡೇ ಆಧಾರಗ್ರಂಥಗಳೆಂಬಂತೆ ನಡೆದುಬಂದಿದೆ. ಈ ರೂಢಿ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಎರಡೂ ಗ್ರಂಥಗಳು ಓದಿಸಿಕೊಂಡು ಹೋಗುವಂಥವು. ಟಾಲ್ಬಟ್‌ರವರು ಮೊದಲು ಪತ್ರಿಕಾಕರ್ತರಾಗಿದ್ದವರು. ಏಳು ದೇಶಗಳಲ್ಲಿ ಹದಿನಾಲ್ಕು ಬಾರಿ ನಡೆದ ಭೇಟಿಗಳನ್ನು ಒಂದು ಕಥೆಯ ಓಟದಲ್ಲಿ ಹೇಳಬಲ್ಲರು. ಸಮಗ್ರ ಪರೀಕ್ಷಾನಿಷೇಧ ಒಪ್ಪಂದಕ್ಕೆ ಭಾರತ ಸಹಿ ಮಾಡಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಆದರೆ 1999ರ ಅಕ್ಟೋಬರಿನಲ್ಲಿ ಅವರದೇ ದೇಶದ ಸೆನೆಟ್ ಸಭೆಯು ಆ ಒಪ್ಪಂದವನ್ನು 51ಕ್ಕೆ 48 ಮತಗಳಿಂದ ತಳ್ಳಿಹಾಕಿತು. ತಮ್ಮಿಬ್ಬರಲ್ಲಿ ಗುರಿಗೆ ಹೆಚ್ಚು ಸಮೀಪ ಹೋದವರು ಜಸ್ವಂತ್ ಸಿಂಗರೇ ಎಂದು ಟಾಲ್ಬಟ್‌ರವರು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. ಸೋತ ಪಕ್ಷದ ರಾಯಭಾರಿ ಹೀಗೆ ಬರೆಯುವುದು ವಿರಳ. ಸಿಂಗರ ಗದ್ಯಕ್ಕೆ ಗಾಂಭೀರ್ಯವಿದೆ, ಸ್ವಲ್ಪ ಠೀವಿಯೂ ಇದೆ. ಕೆಲವರಿಗೆ ಮಾತ್ರ ಅಣ್ವಸ್ತ್ರದ ಹಕ್ಕೆಂಬ ವ್ಯವಸ್ಥೆಯನ್ನು ಅವರು 1998ರಲ್ಲೇ ‘ಫಾರಿನ್ ಅಫೇರ್ಸ್’ ಪತ್ರಿಕೆಯ ಲೇಖನದಲ್ಲಿ ವರ್ಣಭೇದಕ್ಕೆ ಹೋಲಿಸಿದ್ದರು.

ನಮ್ಮ ಆಕ್ಷೇಪಣೆ ಇವರ ಪ್ರಾಮಾಣಿಕತೆಯನ್ನು ಕುರಿತದ್ದಲ್ಲ. ನಿರ್ಬಂಧದ ಕಥೆ 1998ರ ಮೇ ತಿಂಗಳಲ್ಲಿ ಆರಂಭವಾಗಿ, ಅಧ್ಯಕ್ಷ ಬುಷ್‌ರವರು ಅದನ್ನು ತೆಗೆದುಹಾಕಿದ 2001ರ ಸೆಪ್ಟೆಂಬರ್ 22ಕ್ಕೆ ಮುಗಿಯಿತೆಂಬ ಕಾಲಗಣನೆಯನ್ನು ಇಂಥ ಗ್ರಂಥಗಳು ಓದುಗನ ಮನಸ್ಸಿನಲ್ಲಿ ನಿಲ್ಲಿಸಿಬಿಡುತ್ತವೆ. ಸಂಧಾನ ಯಾವಾಗ ನಡೆಯಿತೋ ಆಗಲೇ ನಿರ್ಬಂಧವೂ ಇತ್ತೆಂಬ ಭಾವನೆ ಹುಟ್ಟುತ್ತದೆ. ಇದು ದೆಹಲಿ ಮತ್ತು ವಾಷಿಂಗ್‌ಟನ್ ನಗರಗಳ ಕಾಲಗಣನೆ. ಉತ್ತರ ಕನ್ನಡ ಜಿಲ್ಲೆಯಲ್ಲಿ, ಯಲ್ಲಾಪುರದಿಂದ ವಜ್ರಳ್ಳಿಯ ದಾರಿಯಾಗಿ ಘಟ್ಟವಿಳಿದರೆ ಕಾಳಿ ನದಿಯ ದಂಡೆಯಲ್ಲಿ ಸಿಗುವ ಕೈಗಾ ಸ್ಥಾವರದಲ್ಲಿ ನಿಂತು ನೋಡಿದರೆ ಬೇರೆಯೇ ಕಾಲಗಣನೆ ಕಾಣುತ್ತದೆ.

ಕೈಗಾದ ಯಂತ್ರಗಳ ವಂಶಾವಳಿಯನ್ನೇ ನೋಡೋಣ. ಅಲ್ಲಿರುವ ನಾಲ್ಕು ಘಟಕಗಳೂ ತಲಾ 220 ಮೆಗಾವಾಟ್ ಸಾಮರ್ಥ್ಯದ ಭಾರಜಲ ರಿಯಾಕ್ಟರುಗಳು. ಇವುಗಳ ಮೂಲಮಾದರಿ ರಾಜಸ್ಥಾನದ ರಾವತ್‌ಭಾಟಾದಲ್ಲಿ ಕೆನಡಾ ದೇಶದ ನೆರವಿನಿಂದ ಕಟ್ಟಿದ್ದು. 1974ರ ಮೇ 18ರಂದು, ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರ ಮುಂದಾಳುತನದಲ್ಲಿ ಮೊದಲ ಪೋಖರಣ್ ಸ್ಫೋಟ ನಡೆಯಿತು. ಕೆಲವೇ ದಿನಗಳಲ್ಲಿ ಕೆನಡಾ ತನ್ನ ಪರಮಾಣು ಸಹಕಾರವನ್ನು ತಡೆಹಿಡಿದು, 1976ರಲ್ಲಿ ಶಾಶ್ವತವಾಗಿ ಕೊನೆಗೊಳಿಸಿತು. ಅರ್ಧಕ್ಕೆ ನಿಂತ ರಾಜಸ್ಥಾನದ ಎರಡನೆಯ ಘಟಕವನ್ನು ನಮ್ಮ ಎಂಜಿನಿಯರುಗಳೇ ಪೂರೈಸಿದರು. ಅದು ವಿದ್ಯುತ್ ಕೊಡತೊಡಗಿದ್ದು 1981ರಲ್ಲಿ. ಆ ಮಾದರಿಯೇ ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್‌ಗಳಲ್ಲಿ ತಿದ್ದುಪಡಿಗೊಳ್ಳುತ್ತ ಕೈಗಾಕ್ಕೆ ಬಂದಿತು. ಹೀಗೆ ಕೈಗಾ 1998ರ ನಿರ್ಬಂಧಕ್ಕೆ ಸಿಕ್ಕಿಬಿದ್ದ ಸ್ಥಾವರವಲ್ಲ, 1974ರ ನಿರ್ಬಂಧದಿಂದ ಆಕಾರ ಪಡೆದ ಸ್ಥಾವರ.

ಈ ಹಳೆಯ ನಿರ್ಬಂಧ ಕೆಲಸ ಮಾಡುತ್ತಿದ್ದ ಬಗೆ ತಾರಾಪುರದ ಪ್ರಕರಣದಲ್ಲಿ ಸ್ಪಷ್ಟವಾಗಿದೆ. 1963ರ ಒಪ್ಪಂದದಂತೆ ಅಮೆರಿಕಾ ತಾರಾಪುರಕ್ಕೆ ಮೂವತ್ತು ವರ್ಷ ಸಂವರ್ಧಿತ ಯುರೇನಿಯಂ ಕೊಡಬೇಕಾಗಿತ್ತು. 1978ರಲ್ಲಿ ಆ ದೇಶದ ಶಾಸನಸಭೆ ಹೊಸ ಕಾಯಿದೆ ಮಾಡಿ, ತನ್ನ ಎಲ್ಲ ಪರಮಾಣು ಸ್ಥಾವರಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸದ ದೇಶಕ್ಕೆ ಇಂಧನ ಕೊಡಬಾರದೆಂದು ವಿಧಿಸಿತು. 1980ರಲ್ಲಿ ಅಧ್ಯಕ್ಷ ಕಾರ್ಟರ್‌ರವರು 38 ಟನ್ ಇಂಧನ ಕಳುಹಿಸಲು ಹೊರಟಾಗ ಸೆನೆಟ್‌ನಲ್ಲಿ ಅವರ ಮಾತು ಉಳಿದದ್ದು ಕೇವಲ ಎರಡು ಮತಗಳ ಅಂತರದಿಂದ. 1982ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ವಾಷಿಂಗ್‌ಟನ್‌ಗೆ ಹೋದಾಗ, ಅಮೆರಿಕಾದ ಬದಲು ಫ್ರಾನ್ಸ್ ಇಂಧನ ಕೊಡಲೆಂಬ ರಾಜಿಯಾಯಿತು. ಒಪ್ಪಂದ ಮುರಿಯಲಿಲ್ಲ, ಪಾಲಿಸಿದಂತೆಯೂ ಆಗಲಿಲ್ಲ! ಇಲ್ಲಿ ಬೆದರಿಕೆಯಾಗಲಿ ಘೋಷಣೆಯಾಗಲಿ ಇಲ್ಲ. ಪರವಾನಗಿಯ ಕಾಗದ ಮೇಜಿನಿಂದ ಮೇಜಿಗೆ ನಿಧಾನವಾಗಿ ಸಾಗುವುದೇ ನಿರ್ಬಂಧ. ಜಾರ್ಜ್ ಪರ್ಕೋವಿಚ್‌ರವರ ‘ಇಂಡಿಯಾಸ್ ನ್ಯೂಕ್ಲಿಯರ್ ಬಾಂಬ್’ (1999) ಈ ಕಾಲಕ್ಕೆ ಸಲ್ಲಬೇಕಾದ ಗಮನವನ್ನು ಕೊಟ್ಟಿದೆ. ವಿದ್ಯಾರ್ಥಿಗಳು ಅದನ್ನು ಮೊದಲು ಓದುವುದು ಒಳ್ಳೆಯದು.

1992ರಲ್ಲಿ ಪರಮಾಣು ಸರಬರಾಜುದಾರ ರಾಷ್ಟ್ರಗಳ ಕೂಟವೂ ಅಮೆರಿಕಾದ ಈ ನಿಯಮವನ್ನೇ ತನ್ನದಾಗಿಸಿಕೊಂಡಿತು. ಈ ಕೂಟ ಹುಟ್ಟಿದ್ದೇ 1974ರ ಸ್ಫೋಟಕ್ಕೆ ಉತ್ತರವಾಗಿ. ಕೈಗಾಕ್ಕೆ ತಟ್ಟಿದ್ದು ಈ ನಿಯಮ. ಭಾರಜಲ ರಿಯಾಕ್ಟರಿಗೆ ಸಂವರ್ಧಿತ ಯುರೇನಿಯಂ ಬೇಕಿಲ್ಲ, ನೈಸರ್ಗಿಕ ಯುರೇನಿಯಂ ಸಾಕು. ಆದರೆ ಅದನ್ನೂ ಹೊರಗಿನಿಂದ ಕೊಳ್ಳುವಂತಿರಲಿಲ್ಲ. ಜಾದೂಗುಡದ ಗಣಿಗಳ ಅದಿರು ಹೆಚ್ಚುತ್ತಿದ್ದ ರಿಯಾಕ್ಟರುಗಳಿಗೆ ಸಾಲಲಿಲ್ಲ. 2008ರ ಆಸುಪಾಸಿನಲ್ಲಿ ದೇಶದ ಪರಮಾಣು ಸ್ಥಾವರಗಳು ತಮ್ಮ ಸಾಮರ್ಥ್ಯದ ಸುಮಾರು ಅರ್ಧದಷ್ಟು ಮಾತ್ರ ದುಡಿಯುತ್ತಿದ್ದವು. ಕೈಗಾದ ಮೂರನೆಯ ಘಟಕ 2007ರಲ್ಲಿ ಆರಂಭವಾಯಿತು. ನಾಲ್ಕನೆಯದು ಇಂಧನಕ್ಕಾಗಿ ಕಾದು 2011ರ ಜನವರಿಯಲ್ಲಿ ಕೆಲಸಕ್ಕೆ ಬಂದಿತು. ‘ನಿರ್ಬಂಧ ಮುಗಿಯಿತು’ ಎಂದು ಗ್ರಂಥಗಳು ಹೇಳುವ 2001ರಿಂದ ಲೆಕ್ಕ ಹಿಡಿದರೆ ಇದು ಒಂಬತ್ತು ವರ್ಷಗಳ ಮೇಲಿನ ಮಾತು.

ಇದರ ಪ್ರತಿಪಕ್ಷವಾಗಿ ನಮ್ಮಲ್ಲಿ ಬಳಕೆಯಲ್ಲಿರುವ ಸ್ವದೇಶಿ ವಾದವನ್ನೂ ನಾವು ಹಾಗೆಯೇ ಒಪ್ಪಲಾರೆವು. ನಿರ್ಬಂಧ ನಮಗೆ ವರವಾಯಿತು, ಅದಿಲ್ಲದಿದ್ದರೆ ನಾವು ಕಲಿಯುತ್ತಿರಲಿಲ್ಲ ಎಂಬುದು ಆ ವಾದ. ಇದಕ್ಕೆ ಬೆಂಗಳೂರಿನಿಂದ ಉದಾಹರಣೆ ಕೊಡುವುದು ವಾಡಿಕೆ. 1998ರಲ್ಲಿ ಅಮೆರಿಕಾದಿಂದ ಹಿಂದಕ್ಕೆ ಬರಬೇಕಾಗಿ ಬಂದ ನಮ್ಮ ಎಂಜಿನಿಯರುಗಳು ಹಗುರ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಯನ್ನು ಇಲ್ಲಿಯೇ ಪೂರೈಸಿ, 2001ರ ಜನವರಿ 4ರಂದು ವಿಮಾನವನ್ನು ಹಾರಿಸಿದ್ದು ನಿಜ. ಆದರೆ ಅದೇ ನಗರದ ಇಸ್ರೋ ಸಂಸ್ಥೆಗೆ ರಷ್ಯಾದಿಂದ ಬರಬೇಕಾಗಿದ್ದ ಕ್ರಯೋಜೆನಿಕ್ ತಂತ್ರಜ್ಞಾನ 1993ರಲ್ಲಿ ಅಮೆರಿಕಾದ ಒತ್ತಡದಿಂದ ತಪ್ಪಿಹೋದಮೇಲೆ, ಸ್ವದೇಶಿ ಎಂಜಿನ್ ಹೊತ್ತ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಇಪ್ಪತ್ತು ವರ್ಷಗಳ ಬೆಲೆ ತೆತ್ತು ಪಡೆದದ್ದನ್ನು ವರವೆನ್ನುವವರು ಆ ಬೆಲೆಯನ್ನೂ ಹೇಳಬೇಕಾಗುತ್ತದೆ.

ಅಲ್ಲದೆ ನಮ್ಮ ತಪ್ಪುಗಳನ್ನು ನಿರ್ಬಂಧದ ಖಾತೆಗೆ ಬರೆಯುವ ಅಭ್ಯಾಸವೂ ಈ ವಾದದ ನೆರಳಿನಲ್ಲಿ ಬೆಳೆದಿದೆ. ಕೈಗಾದ ಮೊದಲ ಘಟಕಗಳ ಕಾಮಗಾರಿ 1989ರಲ್ಲಿ ಆರಂಭವಾಗಿ, ಉತ್ಪಾದನೆ 2000ದಲ್ಲಿ ಮೊದಲಾಯಿತು. ಈ ತಡಕ್ಕೆ ದೊಡ್ಡ ಕಾರಣ 1994ರ ಮೇ 13ರಂದು ಒಂದನೆಯ ಘಟಕದ ಕಾಂಕ್ರೀಟ್ ಗುಮ್ಮಟದ ಒಳಪದರು ಕಳಚಿ ಬಿದ್ದದ್ದು. (ಎರಡನೆಯ ಪೋಖರಣ್‌ನ ಕೊನೆಯ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ ಹಿಂದೆ.) ಆ ಗುಮ್ಮಟದ ನಕ್ಷೆಯನ್ನು ಯಾವ ಪರದೇಶವೂ ತಡೆಹಿಡಿದಿರಲಿಲ್ಲ. ಯುರೇನಿಯಂ ಕೊರತೆಗೂ ಹೊಸ ಗಣಿಗಳ ಕೆಲಸ ವರ್ಷಗಟ್ಟಲೆ ಹಿಂದೆ ಬಿದ್ದದ್ದು ಒಂದು ಕಾರಣ.

ಇನ್ನು 2006ರ ಮಾತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಭಾರತ ತನ್ನ 22 ರಿಯಾಕ್ಟರುಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ, 14ನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸುವುದಾಗಿ ಹೇಳಿತು. ಹೊರಗುಳಿದ ಎಂಟರಲ್ಲಿ ನಾಲ್ಕು ಕೈಗಾದವು. 2008ರ ಸೆಪ್ಟೆಂಬರ್ 6ರಂದು ವಿಯೆನ್ನಾದಲ್ಲಿ ಸರಬರಾಜುದಾರರ ಕೂಟ ಭಾರತಕ್ಕೆ ವಿನಾಯಿತಿ ಕೊಟ್ಟಿತು. ಆಗ ಹೊರಗಿನ ಯುರೇನಿಯಂ ರಾವತ್‌ಭಾಟಾಕ್ಕೆ ಬರುವಂತಾಯಿತೇ ಹೊರತು ಕೈಗಾಕ್ಕಲ್ಲ. ಕೈಗಾದ ಬಾಗಿಲನ್ನು ಈ ಬಾರಿ ಮುಚ್ಚಿದ್ದು ನಾವೇ, ಅಸ್ತ್ರಕ್ಕೆ ಬೇಕಾದ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವ ಸಲುವಾಗಿ. 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಸ್ಥಾಪಿಸಿದ ಕೈಗಾದ ಮೊದಲ ಘಟಕ ಉರಿಸಿದ್ದು ಸ್ವದೇಶದ ಯುರೇನಿಯಂ ಅನ್ನೇ. ಪ್ರಾಸಂಗಿಕವಾಗಿ ಇನ್ನೊಂದು ಮಾತು: ಈ ಒಪ್ಪಂದ ಕುದುರುತ್ತಿದ್ದ 2005ರ ಸೆಪ್ಟೆಂಬರಿನಲ್ಲೇ ಭಾರತ ವಿಯೆನ್ನಾದಲ್ಲಿ ಇರಾನಿನ ವಿರುದ್ಧ ಮತ ಹಾಕಿತು. ಮೂವತ್ತು ವರ್ಷ ನಿರ್ಬಂಧಕ್ಕೊಳಗಾದ ದೇಶ ಇನ್ನೊಂದರ ಮೇಲಿನ ಒತ್ತಡದಲ್ಲಿ ಪಾಲುಗೊಂಡ ಈ ಘಟನೆ ಪ್ರತ್ಯೇಕ ಪ್ರಬಂಧಕ್ಕೆ ಅರ್ಹವಾದ ವಿಷಯ.

ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾದಂಥ ಅಡಕೆ ತೋಟಗಳ ಊರಿನಲ್ಲಿ ಕೈಗಾ ಎಂದರೆ ವಿಕಿರಣದ ಭಯ, ಕಾಡನ್ನು ಸೀಳಿದ ವಿದ್ಯುತ್ ತಂತಿಯ ದಾರಿ, 1989ರಲ್ಲಿ ಸ್ಥಾವರವನ್ನು ವಿರೋಧಿಸಿ ಲೋಕಸಭೆಗೆ ಸ್ಪರ್ಧಿಸಿದ ಡಾ. ಶಿವರಾಮ ಕಾರಂತರು. ವಿಯೆನ್ನಾದ ಹೆಸರು ಆ ಮಾತಿನಲ್ಲಿ ಬರುವುದಿಲ್ಲ. ಬಂದಾಗಲೂ ಒಂದು ತಪ್ಪು ತಿಳಿವಳಿಕೆಯೊಡನೆ ಬರುತ್ತದೆ: ಅಂತರರಾಷ್ಟ್ರೀಯ ತಪಾಸಣೆಯಿಲ್ಲವಾದ್ದರಿಂದ ಸ್ಥಾವರ ಅಪಾಯಕರವೆಂದು. ಆ ತಪಾಸಕರು ಎಣಿಸುವುದು ಇಂಧನ ಅಸ್ತ್ರಕ್ಕೆ ಹೋಗಿಲ್ಲವೆಂಬುದನ್ನು. ಗಾಳಿ ನೀರುಗಳ ವಿಕಿರಣವನ್ನಲ್ಲ. ಸ್ಥಾವರದ ಸುರಕ್ಷತೆ ದೇಶದೊಳಗಿನ ನಿಯಂತ್ರಣ ಮಂಡಳಿಯ ಹೊಣೆ. ಆದರೆ ರಾಷ್ಟ್ರರಕ್ಷಣೆಯ ಪಂಗಡಕ್ಕೆ ಸೇರಿದ ಸ್ಥಾವರದ ವಿಷಯದಲ್ಲಿ, 1962ರ ಪರಮಾಣು ಶಕ್ತಿ ಕಾಯಿದೆ ಸರ್ಕಾರಕ್ಕೆ ಕೊಟ್ಟಿದ್ದ ಗೋಪ್ಯದ ಅಧಿಕಾರ ಇನ್ನಷ್ಟು ಭಾರವಾಗುತ್ತಿತ್ತು. ತೋಟಿಗನ ಪ್ರಶ್ನೆಗೆ ಉತ್ತರ ಸಿಗದಿರುವುದಕ್ಕೂ ದೆಹಲಿಯಲ್ಲಿ 2006ರಲ್ಲಿ ಎಳೆದ ಗೆರೆಗೂ ಸಂಬಂಧವಿದೆಯೇ ಎಂಬುದನ್ನು ಸಂಧಾನದ ಇತಿಹಾಸಕಾರರು ಕೇಳಿಲ್ಲ, ಚಳವಳಿಯ ಇತಿಹಾಸಕಾರರೂ ಕೇಳಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಓದುವುದಿಲ್ಲ.

1998ರ ನವೆಂಬರಿನಲ್ಲಿ ಅಮೆರಿಕಾದ ವಾಣಿಜ್ಯ ಇಲಾಖೆ ಭಾರತದ ಸುಮಾರು 200 ಸಂಸ್ಥೆಗಳನ್ನು ನಿಷೇಧದ ಪಟ್ಟಿಗೆ ಸೇರಿಸಿತ್ತು. ಟಾಲ್ಬಟ್ ಮತ್ತು ಸಿಂಗ್‌ರವರ ಕೊನೆಯ ಭೇಟಿಯ ತರುವಾಯ ಎರಡು ದಶಕಗಳಿಗೂ ಹೆಚ್ಚು ಕಾಲ ಅದರಲ್ಲಿ ಉಳಿದಿದ್ದ ಭಾಭಾ ಪರಮಾಣು ಸಂಶೋಧನ ಕೇಂದ್ರದ ಹೆಸರನ್ನು ಆ ಇಲಾಖೆ ತೆಗೆದುಹಾಕಿದ್ದು 2025ರ ಜನವರಿಯಲ್ಲಿ.