ಸಿಂಥೆಟಿಕ್ ಎಂಬ ವಿಶೇಷಣ

ಸಿಂಥೆಟಿಕ್ ಎಂಬ ಮಾತು ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಮೊದಲು ಪರಿಚಯವಾದದ್ದು ಸೀರೆ ಅಂಗಡಿಯಲ್ಲಿ. ಒಗೆದು ಹಾಕಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಇಸ್ತ್ರಿಯ ಹಂಗಿಲ್ಲ ಎಂದು ಅಂಗಡಿಯವನು ಎಷ್ಟೇ ಹೊಗಳಲಿ, ನಮ್ಮ ತಾಯಂದಿರು ಸೆರಗನ್ನು ಎರಡು ಬೆರಳ ನಡುವೆ ಹೊಸಕಿ ನೋಡಿ, ‘ಸೆಕೆಗಾಗದು, ಒಲೆ ಮುಂದೆ ಉಡಬಾರದು’ ಎಂದು ಪಕ್ಕಕ್ಕಿಡುತ್ತಿದ್ದರು. ಸಿಂಥೆಟಿಕ್ ಎಂದರೆ ಅಗ್ಗದ್ದು, ಅಸಲಿಯಲ್ಲದ್ದು ಎಂಬುದು ಅಂದಿನ ಅರ್ಥ. ಅಡುಗೆ ಎಣ್ಣೆಯಲ್ಲಂತೂ ನಾವು ರಿಫೈನ್ಡ್ ಬಿಟ್ಟು ಮತ್ತೆ ಗಾಣದ ಎಣ್ಣೆಗೆ ಮರಳುತ್ತಿರುವವರು. ಆದರೆ ಕಾರಿನ ಇಂಜಿನ್ ಆಯಿಲ್ ಮಾರುವ ಅಂಗಡಿಗೆ ಹೋಗಿ ನೋಡಿ, ಅದೇ ಮಾತು ಅಲ್ಲಿ ತಲೆಕೆಳಗಾಗಿ ನಿಂತಿದೆ. ‘ಫುಲ್ಲಿ ಸಿಂಥೆಟಿಕ್’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾದ ಡಬ್ಬಿಗೆ ಎತ್ತರದ ಜಾಗ, ಎರಡು ಪಟ್ಟು ಬೆಲೆ. ಸಾದಾ ಎಣ್ಣೆ ಕೆಳಗಿನ ಅರೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ.

ಕನ್ನಡ ಪಾಠ ಹೇಳಿ ಹೇಳಿ ಯಾವ ಬರಹ ಕೈಗೆ ಸಿಕ್ಕರೂ ಯಾರು, ಯಾರಿಗೆ, ಯಾಕೆ ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳುವುದು ನನಗೆ ರೂಢಿಯಾಗಿದೆ. ಕವಿತೆಗೆ ವಿಮರ್ಶೆ ಉಂಟು, ಕಾದಂಬರಿಗೆ ಉಂಟು. ತಿಂಗಳ ಸಂಬಳದಲ್ಲಿ ಒಂದು ಪಾಲು ಕಸಿಯುವ ಡಬ್ಬಿಯ ಬರಹಕ್ಕೆ ಮಾತ್ರ ವಿಮರ್ಶಕರೇ ಇಲ್ಲ. ಹಾಗಾಗಿ ಇವತ್ತು ಎರಡು ‘ಕೃತಿ’ಗಳನ್ನು ಎದುರಿಗೆ ಇಟ್ಟುಕೊಂಡಿದ್ದೇನೆ. ಒಂದು, ಆಯಿಲ್ ಡಬ್ಬಿಯ ಮೇಲಿನ ಬರಹ. ಇನ್ನೊಂದು, ಕಾರಿನ ಜೊತೆಗೆ ಬಂದು ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದೆ ಮಲಗಿರುವ ಕೈಪಿಡಿ.

ಮೊದಲು ಶಬ್ದಾರ್ಥ. ಸಾದಾ ಎಣ್ಣೆಯನ್ನು ಮಿನರಲ್ ಆಯಿಲ್ ಎನ್ನುತ್ತಾರೆ. ಇದೇನೂ ಗಾಣದ್ದಲ್ಲ; ನೆಲದಡಿಯ ಕಚ್ಚಾ ತೈಲವನ್ನು ಕಾಯಿಸಿ, ಭಟ್ಟಿ ಇಳಿಸಿ, ಶುದ್ಧ ಮಾಡಿ ತೆಗೆದದ್ದು. ಅದರಲ್ಲಿ ದೊಡ್ಡ ಅಣು, ಸಣ್ಣ ಅಣು ಎಲ್ಲ ಬೆರೆತಿರುತ್ತವೆ, ಜರಡಿ ಹಿಡಿಯದ ರವೆಯ ಹಾಗೆ. ಶಾಖ ಏರಿದಾಗ ಸಣ್ಣವು ಮೊದಲು ಆವಿಯಾಗಿ ಹೋಗುತ್ತವೆ. ಚಳಿಗೆ ಮೇಣದಂಥವು ಗಟ್ಟಿಯಾಗುತ್ತವೆ. ಸಿಂಥೆಟಿಕ್ ಎಂದರೆ, ಮೂಲಾರ್ಥದಲ್ಲಿ, ಎಥಿಲೀನಿನಂಥ ಸಣ್ಣ ಅಣುಗಳಿಂದ ಹಂತಹಂತವಾಗಿ ಕಟ್ಟಿ ಬೆಳೆಸಿದ ಎಣ್ಣೆ. ಅದರ ಅಣುಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಆದ್ದರಿಂದ ಕಾದಾಗ ಬೇಗ ಕೆಡದು, ಚಳಿಗೆ ಬೇಗ ಹೆಪ್ಪುಗಟ್ಟದು. ಇಷ್ಟು ನಿಜ. ಸೀರೆಯ ಅನುಭವವನ್ನು ಇಲ್ಲಿ ತರಬಾರದು. ಇಂಜಿನ್ನಿಗೆ ಸಿಂಥೆಟಿಕ್ ನಿಜವಾಗಿಯೂ ಒಳ್ಳೆಯ ಎಣ್ಣೆಯೇ.

ಆದರೆ ಮೂಲಾರ್ಥ ಉಳಿದಿದೆಯೇ? 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಈ ಒಂದು ಪದದ ಮೇಲೆ ಎರಡು ದೊಡ್ಡ ಕಂಪನಿಗಳು ಜಗಳಕ್ಕೆ ನಿಂತವು. ಕಚ್ಚಾ ತೈಲದಿಂದಲೇ ಬಂದ ಎಣ್ಣೆಯನ್ನು ಹೆಚ್ಚಿನ ಒತ್ತಡದಲ್ಲಿ ಜಲಜನಕದ ಜೊತೆ ಸಂಸ್ಕರಿಸಿ, ಅದನ್ನೂ ಸಿಂಥೆಟಿಕ್ ಎಂದೇ ಕ್ಯಾಸ್ಟ್ರಾಲ್ ಮಾರಿತು. ಅದು ಸಿಂಥೆಟಿಕ್ ಅಲ್ಲ ಎಂದು ಮೊಬಿಲ್ ಆಕ್ಷೇಪಿಸಿತು. ಜಾಹೀರಾತುಗಳ ದೂರು ಕೇಳುವ ಅಲ್ಲಿನ ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಕಡೆಗೇ ತೀರ್ಪು ಕೊಟ್ಟಿತು. ಅಂದಿನಿಂದ ಮಾರುಕಟ್ಟೆಯಲ್ಲಿ ಈ ಪದದ ಬೇಲಿ ಸಡಿಲವಾಯಿತು. ಇಂದು ಸಿಂಥೆಟಿಕ್ ಎಂದು ಬರೆದ ಡಬ್ಬಿಯೊಳಗೆ ಕಟ್ಟಿ ಬೆಳೆಸಿದ ಎಣ್ಣೆ ಇರಬಹುದು, ಚೆನ್ನಾಗಿ ಸಂಸ್ಕರಿಸಿದ ಎಣ್ಣೆ ಇರಬಹುದು, ಎರಡೂ ಬೆರೆತಿರಬಹುದು. ಸಂಸ್ಕರಿಸಿದ್ದು ಕಳಪೆಯೆಂದು ನಾನು ಹೇಳುತ್ತಿಲ್ಲ. ಗುಣದಲ್ಲಿ ಅದೂ ಹತ್ತಿರವೇ. ನನ್ನ ತಕರಾರು ಪದದ ಬಗ್ಗೆ. ಒಳಗೇನಿದೆ ಎಂದು ಖಚಿತವಾಗಿ ಹೇಳದ ವಿಶೇಷಣಕ್ಕೆ ಎರಡು ಪಟ್ಟು ಬೆಲೆ ಕೊಡುವ ಮುನ್ನ ಯೋಚಿಸಬೇಡವೇ?

‘ಸೆಮಿ ಸಿಂಥೆಟಿಕ್’ ಎಂಬುದು ಇನ್ನೂ ಜಾಣ ಪದ. ಟೆರಿಕಾಟ್ ಬಟ್ಟೆಯ ಅಂಚಿನಲ್ಲಾದರೂ ಪಾಲಿಯೆಸ್ಟರ್ ಶೇ. 67, ಹತ್ತಿ ಶೇ. 33 ಎಂದು ಪ್ರಾಮಾಣಿಕವಾಗಿ ಅಚ್ಚು ಹಾಕಿರುತ್ತಿದ್ದರು. ಸೆಮಿ ಸಿಂಥೆಟಿಕ್ ಡಬ್ಬಿಯನ್ನು ತಿರುಗಿಸಿ ನೋಡಿ, ಸಿಂಥೆಟಿಕ್ ಪಾಲೆಷ್ಟು ಎಂದು ಸಾಮಾನ್ಯವಾಗಿ ಬರೆದಿರುವುದೇ ಇಲ್ಲ. ಹಾಲಿಗೆ ನೀರೆಷ್ಟು ಎಂದು ಕೇಳಿ ಕೊಳ್ಳುವ ನಾವು ಇದನ್ನು ಕೇಳದೆ ಕೊಳ್ಳುತ್ತೇವೆ.

ಹಾಗಾದರೆ ಡಬ್ಬಿಯ ಮೇಲೆ ನಂಬತಕ್ಕ ಮಾತೇ ಇಲ್ಲವೆ? ಇದೆ. ಅದು ಸಣ್ಣ ಅಕ್ಷರದಲ್ಲಿದೆ. 5ಡಬ್ಲ್ಯೂ-30, 20ಡಬ್ಲ್ಯೂ-50 ಎಂಬಂಥ ಅಂಕಿಗಳೇ ಆ ಮಾತು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ 1911ರಿಂದಲೇ ಎಣ್ಣೆಯ ದಪ್ಪ-ತೆಳುವನ್ನು ದರ್ಜೆ ಮಾಡುತ್ತ ಬಂದಿದೆ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ, ಕಡಿಮೆಯಿದ್ದಷ್ಟೂ ಸಲೀಸು. ಮುಂದಿನ ಅಂಕಿ 100 ಡಿಗ್ರಿ ಶಾಖದಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು. 5ಡಬ್ಲ್ಯೂ ಎಣ್ಣೆಗೆ ಇಂಜಿನ್ ತಿರುಗಿಸುವ ಪರೀಕ್ಷೆ ನಡೆಯುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ! ನಮ್ಮ ಹಾಸನದ ಮಾಗಿಯಲ್ಲಿ ಮುಂಜಾನೆ ಶಾಲು ಹೊದ್ದು ಹಲ್ಲು ಕಡಿಯುತ್ತೇವೆ ನಿಜ, ಆದರೆ ಆ ಚಳಿಗೂ ಈ ಪರೀಕ್ಷೆಯ ಚಳಿಗೂ ಹೋಲಿಕೆಯೇ ಇಲ್ಲ. ಹಿಮ ಬೀಳುವ ದೇಶದಲ್ಲಿ ಸಿಂಥೆಟಿಕ್ ಕೊಡುವ ಅತಿ ದೊಡ್ಡ ಲಾಭದಲ್ಲಿ ನಮ್ಮ ಪಾಲಿಗೆ ಬರುವುದು ಸ್ವಲ್ಪವೇ.

ಇದಕ್ಕೆ ಎದುರಾಗಿ ನಮ್ಮೂರ ಗ್ಯಾರೇಜುಗಳಲ್ಲಿ ಇನ್ನೊಂದು ಗಾದೆಯಿದೆ: ‘ನಮ್ಮದು ಸೆಕೆ ದೇಶ, ದಪ್ಪ ಎಣ್ಣೆಯೇ ಸರಿ.’ ಕೇಳಲು ಇಂಪಾಗಿದೆ, ಪೂರ್ತಿ ಸರಿಯಿಲ್ಲ. ಓಡುವ ಇಂಜಿನ್ನಿನ ಶಾಖವನ್ನು ಅದರ ಥರ್ಮೋಸ್ಟಾಟ್, ರೇಡಿಯೇಟರು ಹದದಲ್ಲಿ ಹಿಡಿದಿಡುತ್ತವೆ. ಕಲಬುರಗಿಯ ಬೇಸಗೆಗೂ ಹಾಸನದ ಬೇಸಗೆಗೂ ಇರುವ ಅಂತರ ಒಳಗೆ ಅಷ್ಟಾಗಿ ತಟ್ಟುವುದಿಲ್ಲ. ಈಚಿನ ಇಂಜಿನ್ನುಗಳ ಒಳಗಿನ ಸಂದುಗಳು ಕಿರಿದು. ತೆಳು ಎಣ್ಣೆಗೆಂದೇ ಮಾಡಿದ ಸಂದಿಗೆ ದಪ್ಪ ಎಣ್ಣೆ ಹಾಕಿದರೆ ಅದು ತಲುಪಬೇಕಾದಲ್ಲಿಗೆ ತಡವಾಗಿ ತಲುಪುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಹಳೆಯ ಇಂಜಿನ್ನಿಗೆ ತೀರ ತೆಳು ಎಣ್ಣೆ ಹಾಕಿದರೆ ಒತ್ತಡ ಇಳಿಯುತ್ತದೆ, ಸೋರುತ್ತದೆ, ಉರಿದುಹೋಗುತ್ತದೆ. ಇಡ್ಲಿ ಹಿಟ್ಟಿನ ಹದ ಬೇರೆ, ನೀರುದೋಸೆ ಹಿಟ್ಟಿನ ಹದ ಬೇರೆ. ಯಾವುದು ಮೇಲು ಎಂದು ಯಾರಾದರೂ ಕೇಳುತ್ತಾರೆಯೇ?

ಅಂಕಿಯ ಪಕ್ಕದಲ್ಲಿ ಒಂದು ವೃತ್ತ, ಅದರೊಳಗೆ ಎಪಿಐ ಎಂಬ ಗುರುತಿನೊಂದಿಗೆ ಎರಡಕ್ಷರ ಇರುತ್ತದೆ. ಎಸ್ ಎಂದು ಶುರುವಾದರೆ ಪೆಟ್ರೋಲ್ ಕಾರಿಗೆ, ಸಿ ಎಂದಾದರೆ ಡೀಸೆಲ್ಲಿಗೆ. ಎಸ್ ಸಾಲಿನಲ್ಲಿ ಎರಡನೆಯ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು. 2020ರಲ್ಲಿ ಎಸ್‌ಪಿ ಬಂತು, 2025ರಲ್ಲಿ ಎಸ್‌ಕ್ಯೂ. ಮಸಿ ಸೋಸುವ ಫಿಲ್ಟರ್ ಇರುವ ಹೊಸ ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು, ಇಲ್ಲವಾದರೆ ದುಬಾರಿ ಫಿಲ್ಟರು ಕಟ್ಟಿಕೊಳ್ಳುತ್ತದೆ. ಕಾರಿಗೆ ಹಾಕಿ ಉಳಿದ ಎಣ್ಣೆಯನ್ನು ‘ಚೆಲ್ಲುವುದೇಕೆ’ ಎಂದು ಮಗನ ಬೈಕಿಗೆ ಸುರಿಯುವ ಮಿತವ್ಯಯವೂ ಬೇಡ; ಬೈಕಿನ ಕ್ಲಚ್ಚು ಸಾಮಾನ್ಯವಾಗಿ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಜಾರತೊಡಗಬಹುದು.

ಇನ್ನು ಜಾಹೀರಾತಿನ ಅಂಕಿ. ಅಮೆರಿಕದ ವಾಹನ ಸಂಘ ‘ಟ್ರಿಪಲ್ ಎ’ 2017ರಲ್ಲಿ ಎರಡೂ ಬಗೆಯ ಎಣ್ಣೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಸಿಂಥೆಟಿಕ್ ಸರಾಸರಿ ಸುಮಾರು ಶೇ. 47ರಷ್ಟು ಉತ್ತಮ ಎಂದು ಪ್ರಕಟಿಸಿತು. ಪರೀಕ್ಷೆ ಪ್ರಾಮಾಣಿಕವೇ. ಆದರೆ ಉತ್ತಮ ಯಾವುದರಲ್ಲಿ? ಆವಿಯಾಗದಿರುವುದು, ಜಿಡ್ಡು ಕಟ್ಟದಿರುವುದು, ಚಳಿಯಲ್ಲಿ ಹರಿಯುವುದು ಇಂಥವುಗಳಲ್ಲಿ. ಇಂಜಿನ್ ಶೇ. 47ರಷ್ಟು ಹೆಚ್ಚು ವರ್ಷ ಬಾಳುತ್ತದೆ ಎಂದು ಅದರ ಅರ್ಥವಲ್ಲ. ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದ ಹುಡುಗಿಯ ಬಾಳು ಅಷ್ಟೇ ಪಾಲು ಹೆಚ್ಚು ಸುಖವಾಗಿರುತ್ತದೆ ಎನ್ನಲಾದೀತೆ?

ಈಗ ಎರಡನೆಯ ಕೃತಿ, ಕೈಪಿಡಿ. ಅದರ ಗದ್ಯ ನೀರಸ. ಒಂದು ಉಪಮೆಯಿಲ್ಲ, ಬಂಗಾರದ ಬಣ್ಣವಿಲ್ಲ. ಆದರೆ ಡಬ್ಬಿ ಹೇಳಲಾರದ ಒಂದೇ ಒಂದು ಸಂಗತಿಯನ್ನು ಅದು ಹೇಳುತ್ತದೆ: ನಿಮ್ಮ ಇಂಜಿನ್ನಿಗೆ ಯಾವ ಅಂಕಿ, ಯಾವ ಅಕ್ಷರ, ಎಷ್ಟು ಲೀಟರು, ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ. ಅದರ ದೋಷವನ್ನೂ ಹೇಳಬೇಕು. ನಾನು ಕಂಡ ಕೈಪಿಡಿಗಳು ಇಂಗ್ಲಿಷಿನವು, ಕನ್ನಡದಲ್ಲೇ ಓದಿ ಬರೆಯುವ ಹೆಣ್ಣುಮಗಳನ್ನು ಅವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಜೊತೆಗೆ ಅತ್ಯಂತ ಬೇಕಾದ ಮಾತನ್ನು ಅಡಿಟಿಪ್ಪಣಿಯಲ್ಲಿ ಅವಿತಿಟ್ಟಿರುತ್ತಾರೆ. ‘ಕಠಿಣ ಬಳಕೆ’ಯಾದರೆ ಎಣ್ಣೆಯನ್ನು ಬೇಗ ಬದಲಿಸಿ ಎಂಬುದು ಆ ಮಾತು. ಕಠಿಣ ಎಂದರೆ ಘಟ್ಟ ಹತ್ತುವುದೊಂದೇ ಅಲ್ಲ. ಮನೆಯಿಂದ ಶಾಲೆಗೆ, ಶಾಲೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ಮನೆಗೆ ಎಂದು ಮೂರು ನಾಲ್ಕು ಕಿಲೋಮೀಟರಿನ ಓಡಾಟವೂ ಕಠಿಣವೇ. ಅಷ್ಟು ದೂರದಲ್ಲಿ ಎಣ್ಣೆ ಸರಿಯಾಗಿ ಕಾಯುವುದೇ ಇಲ್ಲ. ಒಳಗೆ ಸೇರಿದ ತೇವ, ಪೆಟ್ರೋಲಿನ ಅಂಶ ಆವಿಯಾಗದೆ ಎಣ್ಣೆಯಲ್ಲೇ ಉಳಿಯುತ್ತದೆ. ‘ಮೇಡಂ ಕಾರು ಓಡೋದೇ ಇಲ್ಲವಲ್ಲ, ಆಯಿಲ್ ಹೊಸದೇ ಇದೆ’ ಎಂದು ಹೇಳುವವರಿಗೆ ಇದೇ ಉತ್ತರ. ನಮ್ಮಂಥವರಿಗೆ ಮೀಟರಿಗಿಂತ ಕ್ಯಾಲೆಂಡರು ಮುಖ್ಯ. ದುಬಾರಿ ಎಣ್ಣೆ ಹಾಕಿದೆವೆಂದು ಎರಡು ವರ್ಷ ಸುಮ್ಮನಿರುವುದಕ್ಕಿಂತ ಸಾದಾ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಲೇಸು.

ಎರಡು ಕಾರುಗಳ ಮಾತು ಹೇಳುತ್ತೇನೆ. ನನ್ನದು 2021ರ ಸಣ್ಣ ಪೆಟ್ರೋಲ್ ಕಾರು. ಅದರ ಕೈಪಿಡಿ ಕೇಳುವುದು 0ಡಬ್ಲ್ಯೂ-20. ಅಷ್ಟು ತೆಳುವಾಗಿದ್ದೂ ಕಾದಾಗ ಕೆಡದಿರುವ ಎಣ್ಣೆಯನ್ನು ಸಾದಾ ಮಿನರಲ್ಲಿನಿಂದ ಮಾಡುವುದು ಆಗದ ಮಾತು. ಅಲ್ಲಿಗೆ ಸಿಂಥೆಟಿಕ್ಕೋ ಸಾದಾವೋ ಎಂಬ ಚರ್ಚೆ ಮುಗಿಯಿತು. ಇಂಜಿನ್ ಮಾಡಿದವರೇ ನನ್ನ ಪರವಾಗಿ ತೀರ್ಮಾನಿಸಿದ್ದಾರೆ. ಟರ್ಬೊ ಇರುವ ಕಾರುಗಳಿಗೂ ಬಹುಮಟ್ಟಿಗೆ ಇದೇ ಮಾತು, ಅಲ್ಲಿನ ಶಾಖ ಅಂಥದ್ದು.

ಇನ್ನೊಂದು, ನನ್ನ ಸಹೋದ್ಯೋಗಿಯೊಬ್ಬರ ಕಾರು. ಇಪ್ಪತ್ತು ವರ್ಷ ಹಳೆಯದು. ಯಜಮಾನರು ತೀರಿಕೊಂಡ ಮೇಲೆ ಐವತ್ತರ ಹತ್ತಿರದಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿತರು. ಆ ಕಾರನ್ನು ಮಾರಲು ಅವರಿಗೆ ಮನಸ್ಸಿಲ್ಲ, ಹೊಸದು ಕೊಳ್ಳಲು ಕೈ ಬಿಡುವಿಲ್ಲ. ಮಗಳ ಓದಿನ ಸಾಲ ಇನ್ನೂ ಬಾಕಿ. ಕಾರು ನೀಲಿ ಹೊಗೆ ಬಿಡುತ್ತಿತ್ತು. ಒಂದು ಗ್ಯಾರೇಜಿನವರು, ‘ಫುಲ್ ಸಿಂಥೆಟಿಕ್ ಹಾಕ್ಸಿ ಮೇಡಂ, ಹೊಗೆ ನಿಲ್ಲುತ್ತೆ’ ಎಂದರಂತೆ. ಸವೆದ ಪಿಸ್ಟನ್ ರಿಂಗನ್ನು ಯಾವ ಎಣ್ಣೆಯೂ ಮತ್ತೆ ಬೆಳೆಸುವುದಿಲ್ಲ. ಇಬ್ಬರೂ ಸ್ಟಾಫ್ ರೂಮಿನಲ್ಲಿ ಕೂತು ಆ ಕಾರಿನ ಕೈಪಿಡಿ ಬಿಡಿಸಿದೆವು. ಊರಿನ ಉಷ್ಣತೆಗೆ ತಕ್ಕಂತೆ ಯಾವ ಅಂಕಿಯ ಎಣ್ಣೆ ಎಂದು ಪಟ್ಟಿ ಹಾಕಿ ತೋರಿಸಿದ್ದರು. ಸಿಂಥೆಟಿಕ್ ಎಂಬ ಪದವೇ ಅಲ್ಲಿರಲಿಲ್ಲ. ಆ ಪಟ್ಟಿಯಲ್ಲಿದ್ದ 15ಡಬ್ಲ್ಯೂ-40 ಸಾದಾ ಎಣ್ಣೆಯನ್ನೇ ಹಾಕಿಸಿ, ಆರು ತಿಂಗಳಿಗೊಮ್ಮೆ ಬದಲಿಸುತ್ತ, ಪ್ರತಿ ಭಾನುವಾರ ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಿಕೊಳ್ಳುತ್ತಿದ್ದಾರೆ. ಹೊಗೆ ಇನ್ನೂ ಸ್ವಲ್ಪ ಇದೆ. ರಿಂಗ್ ಕೆಲಸಕ್ಕೆಂದು ಹಣ ಕೂಡಿಡುತ್ತಿದ್ದಾರೆ.

ನನ್ನ ಕಾರಿಗೆ ಸಿಂಥೆಟಿಕ್ ಸರಿ, ಅವರ ಕಾರಿಗೆ ಸಾದಾ ಸಾಕು. ಉತ್ತರ ಎರಡಾದರೂ ಅದನ್ನು ಹುಡುಕಿದ ದಾರಿ ಒಂದೇ. ಯಾವುದು ಮೇಲು ಎಂಬುದು ಡಬ್ಬಿ ನಮ್ಮಿಂದ ಕೇಳಿಸಬಯಸುವ ಪ್ರಶ್ನೆ. ನನ್ನ ಇಂಜಿನ್ ಏನು ಕೇಳುತ್ತಿದೆ ಎಂಬುದು ನಾವು ಕೇಳಬೇಕಾದದ್ದು.

ಇದನ್ನು ಹೆಂಗಸರಿಗೆಂದೇ ಬರೆಯಲು ಕಾರಣವಿದೆ. ಎಷ್ಟೋ ಗ್ಯಾರೇಜುಗಳಲ್ಲಿ ಕಾರು ನಮ್ಮ ಹೆಸರಿನಲ್ಲಿದ್ದರೂ, ಬಿಲ್ಲು ನಾವೇ ಕೊಟ್ಟರೂ, ಎಣ್ಣೆಯ ಮಾತು ಬಂದಾಗ ‘ಸಾರ್‌ಗೆ ಒಂದು ಫೋನ್ ಮಾಡ್ಲಾ?’ ಎನ್ನುತ್ತಾರೆ. ಸಾರ್ ಕೂಡ ಕೈಪಿಡಿ ಓದಿರುವುದಿಲ್ಲ ಎಂಬುದು ಬೇರೆ ಮಾತು! ‘ಯಾವ ಗ್ರೇಡ್ ಹಾಕುತ್ತೀರಿ? ಎಪಿಐ ಯಾವುದು? ಸೀಲು ನನ್ನ ಮುಂದೆಯೇ ಒಡೆಯಿರಿ’ ಎಂದು ಮೂರು ಮಾತು ಕೇಳಿ ನೋಡಿ, ಫೋನಿನ ಪ್ರಸ್ತಾಪ ತಾನೇ ನಿಂತುಹೋಗುತ್ತದೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಔಷಧಿಯ ಪಟ್ಟಿ ತಿರುಗಿಸಿ ತಾರೀಕು ನೋಡುವವರು, ಹಾಲಿನ ಪೊಟ್ಟಣದ ಮೇಲಿನ ಕೊಬ್ಬಿನಂಶ ಓದುವವರು ನಾವು.

ವಿಮರ್ಶಕಿಯಾಗಿ ನನ್ನ ತೀರ್ಪು ಇಷ್ಟು: ಡಬ್ಬಿಯ ಮುಂಭಾಗ ಆಡಂಬರದ ಬರಹ, ಹಿಂಭಾಗ ಪ್ರಾಮಾಣಿಕ ಬರಹ, ಕೈಪಿಡಿ ನೀರಸವಾದರೂ ಓದಲೇಬೇಕಾದ ಬರಹ. ಅಕ್ಷರ ಸಣ್ಣದು, ನಮ್ಮ ವಯಸ್ಸಿನವರು ಕನ್ನಡಕ ಹಾಕಿಕೊಂಡೇ ಓದಬೇಕಾದೀತು.